ಎಂಜಲ ದಾರ

“ದಾರಕ್ಕ ಎಂಜಲ ಹಚ್ಚಬ್ಯಾಡ್ರಿ ಸಾರ್. ನೀರಾಗ ಅದ್ದಿ ಪೋಣಿಸ್ರಿ,” ಎಂದ ಹೆಡ್ ಕಾನ್‌ಸ್ಟೇಬಲ್ ಭೀಮಣ್ಣ.

ಎಸ್ಸೈ ಉದಯಕುಮಾರ ನಕ್ಕ. ಹೈದರಾಬಾದಿನಿಂದ ವರ್ಗವಾಗಿ ಜೂರಾಲ ಕಾಲುವೆ ಪಕ್ಕದ ಈ ಠಾಣೆಗೆ ಹೊಸದಾಗಿ ಬಂದವನು. ತುಳಸಮ್ಮನ ಕೊಲೆ ಅವನು ಬರುವ ಮೊದಲೇ ಆಗಿಹೋಗಿತ್ತು. ಕತ್ತು ಹಿಸುಕಿದವನು ಮಾಟಗಾರ ಆಂಜನೇಯುಲು. ಕಣ್ಣಾರೆ ಕಂಡವಳು ಮಗಳು ಐಶ್ವರ್ಯ ಒಬ್ಬಳೇ. ‘ಅವನನ್ನ ಬಿಡೂದಿಲ್ಲವ್ವಾ’ ಎಂದು ಉದಯ ಅವಳಿಗೆ ಮಾತು ಕೊಟ್ಟಿದ್ದ.

ನಡುಮಧ್ಯಾಹ್ನ ಕರೆಂಟು ಹೋಗಿ, ಸಾಕ್ಷ್ಯದ ವಸ್ತುಗಳನ್ನಿಡುವ, ಕಿಟಕಿಯಿಲ್ಲದ ಮುದ್ದೆಮಾಲು ಕೋಣೆ ಗವ್ವೆನ್ನುತ್ತಿತ್ತು. ಕರಗಿದ ಅರಗಿನ ವಾಸನೆ. ಅದರಡಿಯಲ್ಲಿ ಹಳೆ ರಕ್ತದ ಕಮಟು. ಹೆಣದ ಪಕ್ಕ ಸಿಕ್ಕ ಮಾಟದ ಗಂಟು ಮೇಜಿನ ಮೇಲೆ ಬಿಳಿ ಬಟ್ಟೆಯೊಳಗಿತ್ತು: ಕೂದಲು, ಉಗುರು, ಬೂದಿ. ಬಟ್ಟೆ ಹೊಲಿದು, ಅರಗಿನ ಮುದ್ರೆ ಒತ್ತಿ, ಲ್ಯಾಬಿಗೆ ಕಳಿಸಬೇಕಿತ್ತು.

“ಗಂಟಿಗೆ ಎಂಜಲ ಕೊಟ್ರ ನಿಮ್ಮನ್ನ ಕೊಟ್ಟಂಗ್ರಿ.”

“ನಿಮ್ಮ ದೆವ್ವ ಕಟಕಟೆ ಹತ್ತಿ ಸಾಕ್ಷಿ ಹೇಳತೈತೇನು ಭೀಮಣ್ಣ? ಜೈಲಿಗೆ ಕಳಸೂದು ರಕ್ತ, ಬೆರಳಚ್ಚು.”

ದಾರದ ತುದಿಯನ್ನು ಬಾಯಲ್ಲಿಟ್ಟು ತೇವ ಮಾಡಿ ಸೂಜಿಗೆ ಪೋಣಿಸಿದ. ನಾಲಿಗೆಗೆ ಸುಡುಗಾಡಿನ ಬೂದಿಯ ರುಚಿ ಹತ್ತಿತು. ಸಂಜೆಗೆ ನಾಲಿಗೆ ಜೋಮು ಹಿಡಿಯಿತು. ಆಮೇಲೆ ಬೆರಳುಗಳು.

ಲ್ಯಾಬಿನ ವರದಿ ಬಂತು. ತುಳಸಮ್ಮನ ತಾಳಿಯ ಮೇಲಿದ್ದ ಬೆರಳಚ್ಚು ಉದಯನದು. ಅವಳ ಉಗುರುಗಳಲ್ಲಿ ಸಿಕ್ಕ ಚರ್ಮವೂ ಅವನದೇ. ಡಾಕ್ಟರು ಆ ಚರ್ಮ ತೆಗೆದಿಟ್ಟ ದಿನ ಅವನು ಹೈದರಾಬಾದಿನಲ್ಲಿದ್ದ. ತೋಳೇರಿಸಿ ನೋಡಿಕೊಂಡ. ಒಣಗಿದ ಪರಚುಗಾಯ. ನೋವಿಲ್ಲ.

“ನೀವು ಈ ಕಡಿ ಬಂದs ಇದ್ದಿಲ್ಲಲ್ರಿ ಸಾರ್,” ಎಂದ ಭೀಮಣ್ಣ. “ನಿಮ್ಮ ಫೋನಿನ ಟವರ್ ದಾಖಲೆ ತೆಗಸ್ರಿ.”

ತೆಗೆಸಿದ. ಕೊಲೆಯಾದಾಗ ಅವನ ಫೋನು ತುಳಸಮ್ಮನ ಊರಾದ ಧರೂರಿನಲ್ಲೇ ಇತ್ತು.

ಗದ್ವಾಲ್ ಕೋರ್ಟು. ಐಶ್ವರ್ಯ ಕಟಕಟೆ ಹತ್ತಿದಳು. ಅವಳ ಬೆರಳು ಆಂಜನೇಯುಲುವನ್ನು ದಾಟಿತು. ಉದಯನ ಮೇಲೆ ನಿಂತಿತು.

“ಇವನs ರಿ.”

ಅಲ್ಲ ಎನ್ನಬೇಕು. ಬಾಯಿ ತೆರೆದ. ನಾಲಿಗೆ ತಾನೇ ಹೊರಳಿತು.

“ಹೌದ್ರಿ. ನಾನೇ ಕೊಂದೀನಿ.”

ಹೇಳಿದೊಡನೆ ನೆನಪೂ ಬಂತು. ಅಂಗೈಯಲ್ಲಿ ಮೆತ್ತನೆಯ ಕೊರಳು. ಬಿಸಿ ಉಸಿರು. ಪರಚುವ ಕೈ. ಉಸಿರು ನಿಂತದ್ದು.

ಬಿಡುಗಡೆಯಾದ ಆಂಜನೇಯುಲು ಧರೂರಿನ ಬಸ್ಸು ಹತ್ತಿ ಹೋದ. ಉದಯನನ್ನು ಜೈಲಿನ ವ್ಯಾನಿಗೆ ಹತ್ತಿಸುವಾಗ ಐಶ್ವರ್ಯ ಅಡ್ಡ ಬಂದು ನಿಂತಳು. ಅವಳ ಅಳು ಬತ್ತಿಹೋಗಿತ್ತು.

“ನಮ್ಮವ್ವ ನಿನಗೇನ ಮಾಡಿದ್ದಳೋ?”

ಅವನು ನೆನಪನ್ನೆಲ್ಲ ತಡಕಾಡಿದ. ತುಳಸಮ್ಮನ ಮನೆಯ ಬಾಗಿಲಿತ್ತು, ಒಲೆಯಿತ್ತು, ಅವಳ ಕಣ್ಣುಗಳಿದ್ದವು. ಕಾರಣ ಮಾತ್ರ ಎಲ್ಲೂ ಸಿಗಲಿಲ್ಲ.