ಹೊತ್ತು ಮುಳುಗುವ ಮೊದಲಿನ ದನಿ

ಬೆಳಗಿನ ಹನ್ನೊಂದು ಗಂಟೆ. ನಿಪ್ಪಾಣಿಯ ಸ್ಪೀಕರ್ ಅಂಗಡಿಯೊಂದರಲ್ಲಿ ಸುಗಂಧಾ ಸಿಟ್ಟಿನಿಂದ ನಡುಗುತ್ತಿದ್ದಳು.

ಅವಳು ಕೇಳಿದ್ದು ಆಳೆತ್ತರದ, ಲೈಟು ಮಿನುಗುವ ಸ್ಪೀಕರ್.

"ಅಂಥಾದ್ದ ನಾ ಮಾರೂದಿಲ್ರಿ," ಎಂದ ಅಂಗಡಿಯ ಮಾಲೀಕ ಅಭಿನಂದನ. "ಅದರ ಡಬ್ಬಿ ಮ್ಯಾಲಿನ ವ್ಯಾಟ್ ಅಂಕಿ ಬರೇ ಸುಳ್ಳ. ಈ ಸಣ್ಣ ಸ್ಪೀಕರ್ ಜೋಡಿ ತಗೋರಿ. ಅಗ್ಗದ್ದು."

"ನನ್ನ ಚಪ್ಪಲ್ ನೋಡಿ ಅಗ್ಗದ್ದ ತೋರಸಾಕತ್ತೀರೇನ್ರಿ?"

ಉತ್ತರಕ್ಕೂ ಕಾಯದೆ ಹೊರಟಳು. ಎದೆಗೆ ಒತ್ತಿ ಹಿಡಿದ ಫೋನಿನಲ್ಲಿ ಅಪ್ಪ ಅಣ್ಣಾಸಾಬನ ಕೊನೆಯ ಭಜನೆ ಇತ್ತು. ಅಪ್ಪ ತೀರಿಹೋದ ಮೇಲೆ ಅವ್ವ ಮಂಗಲಾ ಮಾತನ್ನೇ ಬಿಟ್ಟಂತಿದ್ದಳು. ಎದುರು ಕೂತು ಹಾಡಿದಂತೆ ಆ ದನಿಯನ್ನು ಅವ್ವನಿಗೆ ಕೇಳಿಸಬೇಕು... ಅಷ್ಟೇ ಅವಳ ಆಸೆ. ಎದೆ ಅದುರಿಸುವ ಡಿಜೆಯ ಮದುವೆಗಳನ್ನು ನೋಡಿ ಬೆಳೆದವಳಿಗೆ ದೊಡ್ಡ ಸದ್ದೇ ದೊಡ್ಡ ಮರ್ಯಾದೆ.

ಬೇರೆ ಅಂಗಡಿಯಲ್ಲಿ ದೊಡ್ಡದನ್ನೇ ಕೊಂಡು ತನ್ನೂರು ಕಬ್ಬೂರಿಗೆ ಒಯ್ದು ಹಚ್ಚಿದಳು. ಬಾಗಿಲ ಚಿಲಕ ಅದುರಿತು. ಅಪ್ಪನ ದನಿ ಕೊಡದೊಳಗಿಂದ ಬಂದಂತೆ ಗುಂಯ್‌ಗುಟ್ಟಿತು.

ಅವ್ವ ಕಿವಿ ಮುಚ್ಚಿಕೊಂಡಳು. "ಇದ್ಯಾರ ದನಿ? ಬಂದ ಮಾಡವಾ!"

ಅಯ್ಯೋ... ಅಪ್ಪನನ್ನು ನಾನೇ ಪರಕೀಯ ಮಾಡಿಬಿಟ್ಟೆನಾ?

ವಾರ ಕಳೆದು, ಬಿಗುಮಾನ ನುಂಗಿಕೊಂಡು, ಅವಳು ಮತ್ತೆ ಅಭಿನಂದನನ ಎದುರು ನಿಂತಳು. ಅವನು ಹಂಗಿಸಲಿಲ್ಲ. ಅಂದೇ ಸಂಜೆ ಸಣ್ಣ ಜೋಡಿಯೊಂದಿಗೆ ಕಬ್ಬೂರಿಗೆ ಬಂದ. ಅದನ್ನು ದೊಡ್ಡದರ ಪಕ್ಕ ಇಟ್ಟು, ಮುಂದೆ ಸೀರೆಯೊಂದನ್ನು ಇಳಿಬಿಟ್ಟು, ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದ.

"ಪರದೆ ಯಾಕ್ರಿ?"

"ಕಣ್ಣಿಗೆ ದೊಡ್ಡದ ಕಂಡ್ರ ಕಿವಿನೂ ಅದನ್ನ ನಂಬತೈತ್ರಿ. ಸದ್ದ ಒಂಚೂರ ಹೆಚ್ಚಿದ್ರೂ ಹಂಗ. ಹಂಗ ಮಾಡೇ ಮಾರತಾರ."

ಮೊದಲು ಅದೇ ಗುಂಯ್ ಸದ್ದು. ಅವ್ವ ಬೇಡವೆಂದು ತಲೆಯಾಡಿಸಿದಳು.

ನಂತರ ಇನ್ನೊಂದು... ಅಪ್ಪನ ದನಿ, ತಾಳ, ಎರಡು ಸಾಲುಗಳ ನಡುವಿನ ಉಸಿರು. ಆ ಉಸಿರಿನ ಜೊತೆ, ಫೋನಿನಲ್ಲಿ ಯಾವತ್ತೂ ಕೇಳಿಸದಿದ್ದ ಒಂದು ಮೆಲುಮಾತು!

"ಮಂಗಲಾ, ಹೊತ್ತ ಮುಳುಗೂದ್ರಾಗ ಒಂದ ಗುಟುಕ ನೀರ ಕೊಡ."

ಜೈನರ ಮನೆಯ ನೇಮ; ಹೊತ್ತು ಮುಳುಗಿದ ಮೇಲೆ ಅಣ್ಣಾಸಾಬ ನೀರು ಮುಟ್ಟಿದವನಲ್ಲ.

ಅವ್ವ ಎದ್ದಳು. ಯಾರಿಗೂ ಏನೂ ಹೇಳದೆ ತಂಬಿಗೆ ತುಂಬಿ ತಂದು ಪರದೆಯ ಮುಂದೆ ಇಟ್ಟಳು. ಆಮೇಲೆ ಅತ್ತಳು. ಅಪ್ಪ ಹೋದ ದಿನವೂ ಅಳದಿದ್ದವಳು.

ಸುಗಂಧಾ ಅಭಿನಂದನನ ಹಿಂದೆ ಅಂಗಳಕ್ಕೆ ಬಂದಳು. "ಅವತ್ತ ನಾ ಚಪ್ಪಲ್ ಅಂದದ್ದ..."

"ಚಪ್ಪಲ್ ನೋಡಿದ್ದಿಲ್ರಿ. ಫೋನ್ ಎದಿಗೆ ಒತ್ತಿ ಹಿಡಿದಿದ್ರಿ, ಅದನ್ನ ನೋಡಿದ್ದೆ. ಕೇಳಸೂದ ಬಿಟ್ಟ ಅಗ್ಗದ್ದ ಅಂದೆ. ತಪ್ಪ ನಂದೂ ಐತಿ." ಅವನು ಅವಳತ್ತ ತಿರುಗಿದ. "ಅವತ್ತಿಂದ ನಿಮ್ಮ ದಾರಿ ನೋಡಾಕತ್ತಿದ್ದೆ."

"ಗಿರಾಕಿ ಹೋತಂತನ?"

"ಗಿರಾಕಿ ಅಲ್ಲ, ಸುಗಂಧಾ..."

ಅವಳ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು. "ಹಂಗಾರ ಒಳಗ ಹೋಗಿ ಅವ್ವನ್ನ ಕೇಳ್ರಿ. ಪರದೆ ಇಲ್ದ."

"ಈಗ?"

"ಹೊತ್ತ ಮುಳುಗೂದ್ರಾಗ."

ದೀಪಾವಳಿ ಕಳೆದ ಮೇಲೆ ಕಬ್ಬೂರಿನಲ್ಲಿ ಅವರ ಮದುವೆಯಾಯಿತು. ಡಿಜೆ ಇರಲಿಲ್ಲ.