ವಸಡಿನ ರಕ್ತ

"ಅಯ್ಯೋ ದೇವರೇ... ಅಮ್ಮನ ಬಾಯಲ್ಲಿ ರಕ್ತ!"

ಸರಳಾ ಕೂಗಿದ ಕೂಗಿಗೆ ಅಡುಗೆಮನೆಯಲ್ಲಿದ್ದ ವನಿತಾ ಸೌಟು ಹಿಡಿದೇ ಓಡಿಬಂದಳು. ಮಂಚದ ಮೇಲೆ ಅತ್ತೆ ಗೋಪಾಲಮ್ಮ ದಿಂಬಿಗೆ ಒರಗಿದ್ದರು. ಅವರ ತುಟಿಯಂಚಿನಿಂದ ಇಳಿದ ರಕ್ತ ಟವೆಲಿಗೆ ಹತ್ತಿತ್ತು.

"ಏನ್ ಮಾಡ್ದೆ ನಮ್ಮಮ್ಮಂಗೆ? ಹೊಡೆದ್ಯಾ?"

"ಇಲ್ಲ ಅಕ್ಕಾ... ಈಗ ತಾನೇ ಹಲ್ಲುಜ್ಜಿಸ್ದೆ. ನಾಲ್ಕು ದಿನದಿಂದ ವಸಡಲ್ಲಿ ಹೀಗೇ ಬರ್ತಿದೆ."

"ಬ್ರಷ್ ಹಾಕಿ ತಿವಿದಿದ್ದೀಯ! ಮಾತು ಬರಲ್ಲ, ಯಾರತ್ರ ಹೇಳ್ತಾರೆ ಅಂತ ತಾನೇ!"

ಹದಿನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಗೋಪಾಲಮ್ಮನ ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಅಂದಿನಿಂದ ಕೊಡಿಗೇಹಳ್ಳಿಯ ಆ ಹಳೆಯ ಮನೆಯಲ್ಲಿ, ಸುತ್ತಲೂ ಎದ್ದ ಪಿಜಿ ಕಟ್ಟಡಗಳ ನಡುವೆ ಬಿಸಿಲೇ ಬೀಳದ ಆ ಕೋಣೆಯಲ್ಲಿ, ವನಿತಾಳ ಬದುಕು ಬಂದು ನಿಂತಿತ್ತು. ಟೀಚರ್ ಕೆಲಸ ಬಿಟ್ಟಿದ್ದಳು. ಈಗ ಸಹಕಾರನಗರದ ಶಾಲೆಯೊಂದು ಕರೆದಿತ್ತು. ಜೂನ್ ಒಂದಕ್ಕೆ ಸೇರಬೇಕು. ಅಲ್ಲಾಳಸಂದ್ರದಲ್ಲಿದ್ದ ಗಂಡನ ಅಕ್ಕ ಸರಳಾ ಒಂದು ವರ್ಷ ತಾಯಿಯನ್ನು ತನ್ನ ಮನೆಯಲ್ಲಿಟ್ಟುಕೊಳ್ಳಲು ಒಪ್ಪಿದ್ದಳು. ಆ ಮಾತಿಗೆಂದೇ ಬಂದವಳ ಕಣ್ಣಿಗೆ ಈ ರಕ್ತ ಬಿದ್ದಿತ್ತು!

ಸಂಜೆ ಗಂಡ ಯೋಗಾನಂದ ಎಲ್ಲವನ್ನೂ ಕೇಳಿ, ತಲೆ ತಗ್ಗಿಸಿಕೊಂಡೇ ಅಂದ: "ಸ್ವಲ್ಪ ನಿಧಾನಕ್ಕೆ ಉಜ್ಜಬೇಕಿತ್ತು ಕಣೇ..."

ಆ ಮಾತು ವನಿತಾಳ ಎದೆಗೆ ನಾಟಿತು. ಅವನೂ ನಂಬಿದನೇ?

ಮರುದಿನದಿಂದ ವನಿತಾ ಬ್ರಷ್ ಮುಟ್ಟಲಿಲ್ಲ. ಒದ್ದೆ ಬಟ್ಟೆಯಿಂದ ತುಟಿ ಒರೆಸಿ ಸುಮ್ಮನಾದಳು. ಆದರೂ ರಕ್ತ ನಿಲ್ಲಲಿಲ್ಲ. ವಸಡು ಊದಿ ಕೆಂಪಾಯಿತು, ಬಾಯಿ ವಾಸನೆ ಬರತೊಡಗಿತು. ಮೂರು ವಾರವಾಗುವಷ್ಟರಲ್ಲಿ ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಕಲೆ. ಉಜ್ಜಿದರೆ ಹಿಂಸೆ ಎನ್ನುತ್ತಾರೆ, ಬಿಟ್ಟರೆ ಅಲಕ್ಷ್ಯ ಎನ್ನುತ್ತಾರೆ... ಎಲ್ಲಿಗೆ ಹೋಗಬೇಕು ಅವಳು? ಕೊನೆಗೆ ಅತ್ತೆ ಊಟವನ್ನೇ ತಳ್ಳಿದಾಗ, ಯೋಗಾನಂದ ವನಿತಾಳ ಜೊತೆ ತಾಯಿಯನ್ನು ಆಟೋದಲ್ಲಿ ದಂತವೈದ್ಯೆ ಶಿಲ್ಪ ಅವರ ಕ್ಲಿನಿಕ್ಕಿಗೆ ಕರೆದೊಯ್ದ. ನಿಜ ಹೊರಬರಲಿ ಎಂದು ಸರಳಾಳೂ ಬಂದಳು.

ಡಾಕ್ಟರ್ ಬಾಯಿಯೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಇದು ಪೆಟ್ಟು ಬಿದ್ದು ಬಂದ ರಕ್ತ ಅಲ್ಲ. ಲಕ್ವ ಹೊಡೆದ ಕಡೆ ಅನ್ನ ಕೆನ್ನೆಯೊಳಗೇ ಉಳ್ಕೊಳ್ಳುತ್ತೆ. ಹಲ್ಲಿನ ಬುಡದಲ್ಲಿ ಕೊಳೆ ಕಟ್ಟಿ ವಸಡು ಊದುತ್ತೆ, ಆಮೇಲೆ ಮುಟ್ಟಿದ್ರೂ ರಕ್ತ. ಜೊತೆಗೆ ರಕ್ತ ತೆಳುವಾಗೋ ಮಾತ್ರೆ ತಗೋತಿದ್ದಾರೆ, ಅದಕ್ಕೇ ಬೇಗ ನಿಲ್ತಿಲ್ಲ. ಆದ್ರೆ ಆ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ, ನಿಮ್ಮ ಡಾಕ್ಟರ್ ಹತ್ರ ನಾನೇ ಮಾತಾಡ್ತೀನಿ. ಹಲ್ಲುಜ್ಜೋದು ಯಾಕ್ ಬಿಟ್ರಿ?"

ವನಿತಾ ಅಂದಳು: "ರಕ್ತ ಬರುತ್ತೆ ಅಂತ... ಭಯ ಆಯ್ತು ಡಾಕ್ಟ್ರೇ."

"ಬಿಟ್ಟಿದ್ದಕ್ಕೇ ಜಾಸ್ತಿ ಆಗಿದ್ದು. ಮೆತ್ತನೆ ಚಿಕ್ಕ ಬ್ರಷ್ ತಗೊಳ್ಳಿ, ದಿನಕ್ಕೆ ಎರಡು ಸಲ, ಹಗುರವಾಗಿ. ತಲೆ ಎತ್ತಿ ಪಕ್ಕಕ್ಕೆ ವಾಲಿಸಿ. ಊಟ ಆದ್ಮೇಲೆ ಕೆನ್ನೆ ಒಳಗಿಂದ ಅಗುಳು ತೆಗೀರಿ. ಇವತ್ತು ನಾನು ಸ್ವಲ್ಪ ಕ್ಲೀನ್ ಮಾಡ್ತೀನಿ. ಒಂದೆರಡು ವಾರ ರಕ್ತ ಬರ್ಬೋದು, ಹೆದರ್ಬೇಡಿ. ಆಮೇಲೂ ನಿಲ್ಲದಿದ್ರೆ ಕರ್ಕೊಂಡ್ ಬನ್ನಿ."

ಸರಳಾ ಗೋಡೆಯ ಕಡೆ ತಿರುಗಿಕೊಂಡಳು. ಆಟೋ ಹತ್ತುವಾಗ ಮಾತ್ರ ಅಂದಳು: "ನಾಳೆಯಿಂದ ನಾನೇ ಉಜ್ಜಿಸ್ತೀನಿ. ಮನೆಗೆ ಕರ್ಕೊಂಡ್ ಹೋದ್ರೆ ನಾನೇ ತಾನೇ ಮಾಡ್ಬೇಕು?"

ವನಿತಾಳಿಗೆ ಅದೇ ಸಾಕಾಗಿತ್ತು.

ಮರುದಿನ ಬೆಳಿಗ್ಗೆಯೇ ಸರಳಾ ಬಂದು ಬ್ರಷ್ ಹಿಡಿದು ಕೂತಳು. ಗೋಪಾಲಮ್ಮ ದವಡೆ ಬಿಗಿದರು.

"ಅಮ್ಮಾ, ನಾನು ಕಣಮ್ಮಾ, ಸರಳಾ... ಬಾಯ್ ತೆಗಿಯಮ್ಮಾ!"

ತೆಗೆಯಲಿಲ್ಲ. ಎರಡನೆಯ ದಿನವೂ ಇಲ್ಲ, ಐದನೆಯ ದಿನವೂ ಇಲ್ಲ. ಆರನೆಯ ದಿನ ಸರಳಾ ಬ್ರಷ್ ಕೆಳಗಿಟ್ಟಳು. ವನಿತಾ ಮೆಲ್ಲನೆ ಅದನ್ನು ತೆಗೆದುಕೊಂಡು ಮುಂದೆ ಬಗ್ಗಿದಳು. ಅಷ್ಟೇ! ಮುದುಕಿ ಮಗುವಿನಂತೆ ಬಾಯಿ ತೆರೆದರು. ಉಜ್ಜಿ ಮುಗಿದ ಮೇಲೆ ಎಡಗೈಯಿಂದ ಸೊಸೆಯ ಮುಂಗೈ ಹಿಡಿದು ಕೆನ್ನೆಗೆ ಒತ್ತಿಕೊಂಡರು. "ವ... ನಿ..." ಎಂದು ಗಂಟಲು ಗೊರಗುಟ್ಟಿತು.

ಸರಳಾ ವನಿತಾಳ ಭುಜ ಹಿಡಿದಳು. "ಏನೇನೋ ಅಂದ್ಬಿಟ್ಟೆ ಕಣೇ... ಕ್ಷಮಿಸ್ಬಿಡು!" ಇಬ್ಬರೂ ತಬ್ಬಿಕೊಂಡು ಅತ್ತರು. ಎಷ್ಟು ದಿನಗಳಿಂದ ಕಾದಿದ್ದಳು ವನಿತಾ ಈ ಮಾತಿಗೆ! ಎದೆಯ ಭಾರ ಇಳಿಯುತ್ತಿದ್ದಂತೆಯೇ, ಕಣ್ಣೊರೆಸಿಕೊಂಡ ಸರಳಾ ಬಾಗಿಲಲ್ಲಿ ನಿಂತಿದ್ದ ತಮ್ಮನ ಕಡೆ ತಿರುಗಿದಳು.

"ನೋಡಿದ್ಯಾ ಯೋಗಾ? ಇವಳ್ನ ಬಿಟ್ರೆ ಅಮ್ಮ ಬದುಕಲ್ಲ. ನಾನ್ ಹೇಗೆ ಕರ್ಕೊಂಡ್ ಹೋಗ್ಲಿ ಹೇಳು?"

ಯೋಗಾನಂದ ಹೆಂಡತಿಯ ಮುಖ ನೋಡಿದ. "ನೀನೇ ನೋಡ್ದೆಯಲ್ಲಾ ವನಿತಾ..."

ಶಾಲೆಯ ಮಾತು ಯಾರೂ ಎತ್ತಲಿಲ್ಲ. ಕಳಂಕ ತೊಳೆದುಹೋಗಿತ್ತು, ಬಾಗಿಲೂ ಮುಚ್ಚಿಹೋಗಿತ್ತು. ವನಿತಾ ಹಜಾರಕ್ಕೆ ಬಂದು ಶಾಲೆಗೆ ಫೋನ್ ಮಾಡಿದಳು.

"ಮೇಡಂ... ಜೂನ್ ಒಂದಕ್ಕೆ ನಂಗ್ ಬರೋಕಾಗಲ್ಲ."

"ಹಾಗಾದ್ರೆ ಬೇರೆಯವರನ್ನ ತಗೋಬೇಕಾಗುತ್ತೆ ವನಿತಾ."

"ತಗೊಳ್ಳಿ ಮೇಡಂ."

ಒಳಗೆ ಬಂದಾಗ ಗೋಪಾಲಮ್ಮನ ಕಣ್ಣಿಂದ ಧಾರೆಯಾಗಿ ನೀರು ಹರಿಯುತ್ತಿತ್ತು. ಎಲ್ಲವೂ ಕೇಳಿಸಿತ್ತು ಅವರಿಗೆ. ಎಡಗೈಯೆತ್ತಿ ಬಾಗಿಲ ಕಡೆ ಬೀಸಿದರು, ಹೋಗು, ಹೋಗು ಎಂಬಂತೆ... ಮತ್ತೆ ಮತ್ತೆ ಬೀಸಿದರು.

ವನಿತಾ ಆ ಕೈಯನ್ನು ಹಿಡಿದು ಹೊದಿಕೆಯೊಳಗೆ ಸೇರಿಸಿದಳು.

"ಎಲ್ಲಿಗ್ ಹೋಗ್ಲಿ ಅತ್ತೆ...?"