ಉಲ್ಕೆಗಳ ರಾತ್ರಿ, ಒಂದು ಹುಳುಕು ಹಲ್ಲು

ಟೆರೇಸಿನ ಬಾಗಿಲು ತಳ್ಳಿದ ಕೂಡಲೇ ಡಾಕ್ಟರ್ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನೆಲದ ತುಂಬ ಪಾರಿವಾಳದ ಹಿಕ್ಕೆ. ನೀರಿನ ಟ್ಯಾಂಕಿನ ಬುಡದಲ್ಲಿ ಲೋಳೆಲೋಳೆ ಪಾಚಿ. ಪಕ್ಕದ ಹೋಟೆಲಿನ ಹೊಗೆಕೊಳವೆಯಿಂದ ಸೀದ ಎಣ್ಣೆಯ ಕಮಟು.

"ಛೀ! ಉಲ್ಕೆ ನೋಡೋಕೆ ಇದೇನ್ರೀ ಜಾಗ?"

"ಉಲ್ಕೆ ನೆಲದಲ್ಲಿ ಕಾಣ್ಸಲ್ಲ ಡಾಕ್ಟ್ರೇ. ಮೇಲೆ ನೋಡಿ," ಎಂದ ಕನ್ನಡಕದಂಗಡಿಯವನು. ಒಂದು ಮೂಲೆಯನ್ನು ಮಾತ್ರ ಸೋಪು ಹಾಕಿ ಉಜ್ಜಿ, ಚಾಪೆ ಹಾಸಿಟ್ಟಿದ್ದ.

ಅವಳದು ಒಂದನೇ ಮಹಡಿಯ ಹಲ್ಲಿನ ಕ್ಲಿನಿಕ್, ಅವನದು ಅದರ ಕೆಳಗಿನ ಅಂಗಡಿ. ಒಂದು ವರ್ಷದಿಂದ ಅವಳ ಕನ್ನಡಕದ ಸ್ಕ್ರೂ ಸುಮ್ಮಸುಮ್ಮನೆ ಸಡಿಲವಾಗುತ್ತಿತ್ತು. ಅವನು ಬಿಗಿ ಮಾಡಿ, ತಾನೇ ಅವಳ ಕಿವಿಗೆ ಸಿಕ್ಕಿಸಿ, ಸರಿಯಾಗಿ ಕೂತಿದೆಯಾ ಎಂದು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡುತ್ತಿದ್ದ. ಅವಳೂ ಕಣ್ಣು ತಗ್ಗಿಸದೆ ನೋಡಿಸಿಕೊಳ್ಳುತ್ತಿದ್ದಳು.

ಈ ವಾರ ಮಾತ್ರ ಅವನು ಅವನಾಗಿರಲಿಲ್ಲ. ಮಾತಾಡುವಾಗ ಮುಖ ಆಚೆ ತಿರುಗಿಸುತ್ತಿದ್ದ. ಬಾಯಿಗೆ ಕರವಸ್ತ್ರ ಅಡ್ಡ ಹಿಡಿಯುತ್ತಿದ್ದ. ಈಗಲೂ ಚಾಪೆಯ ಆ ತುದಿಗೆ, ಒಂದು ಮಾರು ದೂರ ಸರಿದು ಕೂತ.

ಆ ದೂರ ಅವಳಿಗೆ ಹೊಸದಲ್ಲ. ಹಿಂದೊಮ್ಮೆ ಅಮ್ಮ ಗೊತ್ತು ಮಾಡಿದ್ದ ಹುಡುಗ, ಅವಳು ಬಡಿಸಿದ್ದನ್ನು ಮುಟ್ಟದೆ ತಟ್ಟೆ ಸರಿಸಿದ್ದ. "ಇಡೀ ದಿನ ಕಂಡವರ ಬಾಯಿಗೆ ಹಾಕೋ ಕೈ ಅಲ್ವಾ? ಏನೋ ಒಂಥರಾ ಆಗುತ್ತೆ," ಎಂದಿದ್ದ. ಸಂಬಂಧ ಅಲ್ಲಿಗೇ ಮುರಿಯಿತು. ಅಂದಿನಿಂದ ಅವಳು ಮನೆಗೆ ಹೋಗುವ ಮುನ್ನ ಚರ್ಮ ಸುಲಿಯುವ ಹಾಗೆ ಕೈ ತಿಕ್ಕುತ್ತಿದ್ದಳು. ಕೊಳೆತ ಬೇರು, ಕರೆಗಟ್ಟಿದ ವಸಡು, ಹಳಸಲು ಉಸಿರು, ಇವೆಲ್ಲ ಅವಳಿಗೂ ಅಸಹ್ಯವೇ. ಮಾಸ್ಕಿನ ಹಿಂದೆ ಅದನ್ನು ನುಂಗಿಕೊಂಡೇ ಬದುಕು ಕಟ್ಟಿಕೊಂಡವಳು. ಆದರೆ ಬೇರೆಯವರಿಗೆ ತಾನೇ ಅಸಹ್ಯವಾಗುವುದಿದೆಯಲ್ಲ, ಅದು ಮಾತ್ರ ಗಂಟಲಲ್ಲಿ ಇಳಿದಿರಲಿಲ್ಲ.

"ಅಗೋ!" ಎಂದ ಅವನು. ಟ್ಯಾಂಕಿನ ನೆತ್ತಿಯ ಮೇಲಿಂದ ಬೆಳ್ಳನೆ ಗೆರೆಯೊಂದು ಆಕಾಶ ಗೀಚಿ ಮಾಯವಾಯಿತು. ಸಂಭ್ರಮದಲ್ಲಿ ಅವಳತ್ತ ತಿರುಗಿದವನು ತಟ್ಟನೆ ಮುಖ ಹೊರಳಿಸಿ ಇನ್ನಷ್ಟು ದೂರ ಸರಿದ.

ಅವಳು ಎದ್ದು ನಿಂತಳು.

"ಹೊರಟ್ರಾ? ಈಗಷ್ಟೇ ಶುರುವಾಗಿದೆ."

"ನನ್ನ ಕಂಡ್ರೆ ಹೇಸಿಗೆ ಪಡೋರ ಪಕ್ಕ ಕೂತು ಆಕಾಶ ನೋಡೋ ಗ್ರಹಚಾರ ನನಗಿಲ್ಲ."

"ಹೇಸಿಗೆನಾ? ನಿಮ್ಮನ್ನ ಕಂಡ್ರೆ?"

"ಮತ್ತೆ ಈ ಕರವಸ್ತ್ರ ಯಾಕೆ? ಮನಸ್ಸಲ್ಲಿ ಏನಿದೆ, ಬಾಯಿ ಬಿಟ್ಟು ಹೇಳಿ."

"ಬಾಯಿ ಬಿಡೋಕೇ ಆಗ್ತಿಲ್ಲ ಡಾಕ್ಟ್ರೇ," ಎಂದು ಕರವಸ್ತ್ರ ತೆಗೆದ.

ಅವಳು ಮೊಬೈಲ್ ಟಾರ್ಚ್ ಹಾಕಿದಳು. ದವಡೆಯಲ್ಲಿ ನಿಂಬೆಹಣ್ಣು ಬಚ್ಚಿಟ್ಟ ಹಾಗೆ ಒಂದು ಕೆನ್ನೆ ಊದಿತ್ತು. ಹತ್ತಿರ ಬಾಗಿದಾಗ ಲವಂಗದೆಣ್ಣೆಯ ಘಾಟು, ಅದರಡಿಯಲ್ಲಿ ಕೊಳೆತ ನಾತ.

"ಅಯ್ಯೋ ಪುಣ್ಯಾತ್ಮ! ನಿಮ್ಮ ತಲೆ ಮೇಲೇ ಹಲ್ಲಿನ ಕ್ಲಿನಿಕ್ ಇದೆ!"

"ಅದಕ್ಕೇ ಬರಲಿಲ್ಲ. ಈ ಬಾಯಿ ನೋಡಿದ್ಮೇಲೆ ನನ್ನ ಮುಖ ನೋಡ್ತೀರಾ? ಇವತ್ತೊಂದು ರಾತ್ರಿ ಹಲ್ಲು ಕಚ್ಚಿ ತಡ್ಕೊಂಡ್ರೆ ಸಾಕು ಅಂದ್ಕೊಂಡೆ. ಕಚ್ಚೋಕೂ ಆಗ್ತಿಲ್ಲ."

ನಗು ಬರಬೇಕಿತ್ತು. ಆದರೆ ಅವನ ಹಣೆ ಮುಟ್ಟಿದರೆ ಕೆಂಡ.

"ಏಳಿ, ಕೆಳಗೆ ನಡೀರಿ."

"ಉಲ್ಕೆ?"

"ಅವು ಬೆಳಗಾಗೋವರೆಗೂ ಬೀಳ್ತವೆ. ನೀವು ಬಿದ್ರೆ ಎತ್ತೋರು ಯಾರು?"

ಕ್ಲಿನಿಕ್ಕಿನ ದೀಪ ಹಾಕಿ, ಅವನನ್ನು ಕುರ್ಚಿಯಲ್ಲಿ ಮಲಗಿಸಿ ಇಂಜೆಕ್ಷನ್ ಕೊಟ್ಟಳು. ಜಾಗ ಮರಗಟ್ಟಿದ ಮೇಲೆ ಬಾವಿನ ಮೇಲೆ ಸಣ್ಣಗೆ ಬ್ಲೇಡ್ ಆಡಿಸಿದಳು. ಕೀವು ಚಿಮ್ಮಿತು. ನಾತ ಮಾಸ್ಕನ್ನೂ ದಾಟಿ ಅವಳ ಗಂಟಲಿಗೆ ಇಳಿಯಿತು. ಹಳದಿ ಲೋಳೆ, ರಕ್ತ, ಜೊಲ್ಲು ಎಲ್ಲ ಸೇರಿ ಅವನ ಗಲ್ಲದಿಂದ ಕುತ್ತಿಗೆಗೆ ಹರಿಯಿತು. ಪ್ರೀತಿ ಬಂದರೆ ಅಸಹ್ಯ ಹೋಗುತ್ತದೆ ಎನ್ನುವವರು ಇಂಥ ಬಾಯಿ ನೋಡಿರಲಿಕ್ಕಿಲ್ಲ. ಅವಳು ಎರಡು ಸಲ ಮುಖ ಆಚೆ ತಿರುಗಿಸಿ ಉಸಿರೆಳೆದುಕೊಂಡಳು. ಮತ್ತೆ ಬಾಗಿ ಕೀವೆಲ್ಲ ಹಿಂಡಿ ತೆಗೆದಳು.

ಅವನು ನಾಚಿಕೆಯಿಂದ ಕಣ್ಣು ಮುಚ್ಚಿದ್ದ. ರೆಪ್ಪೆಯ ತುದಿ ಒದ್ದೆಯಾಗಿತ್ತು.

"ಕಣ್ಣು ಬಿಡಿ. ನನ್ನ ನೋಡಿ," ಎಂದಳು. ಅವನು ನೋಡಿದ. "ಛೀ, ಎಂಥಾ ಹಲ್ಲುರೀ ನಿಮ್ದು!" ಎಂದು ಬೈಯುತ್ತಲೇ ಅವನ ಕತ್ತು ಒರೆಸಿದಳು. ಅಷ್ಟು ಮೃದುವಾಗಿ ಅವಳು ಯಾರ ಕತ್ತನ್ನೂ ಒರೆಸಿರಲಿಲ್ಲ.

"ಛಾಲಿ," ಎಂದ. ಸಾರಿ ಎಂದು ಹೇಳಲು ಮರಗಟ್ಟಿದ ತುಟಿ ಒಪ್ಪಲಿಲ್ಲ.

ಅವಳು ಗ್ಲೌಸ್ ಕಳಚಿ ಕೈ ತೊಳೆಯಲು ನಿಂತಳು. ತಿಕ್ಕಿದಳು, ಮತ್ತೆ ತಿಕ್ಕಿದಳು. ಅವನು ಎದ್ದು ಬಂದು ನಲ್ಲಿ ನಿಲ್ಲಿಸಿ, ಅವಳ ಸುಲಿದ ಬೆರಳುಗಳನ್ನು ದೀಪಕ್ಕೆ ಹಿಡಿದು ನೋಡಿದ. ಏನಾಯಿತು ಎಂಬಂತೆ ಹುಬ್ಬು ಏರಿಸಿದ. ತಟ್ಟೆ ಸರಿಸಿದ ಹುಡುಗನ ಕಥೆಯನ್ನು ಅವಳು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದಳು.

"ಕಟ್ಟೆ ನನ್ ಮಗ," ಎಂದ ಅವನು. ಕತ್ತೆ ಎಂದಿದ್ದು. ಆಮೇಲೆ ಆ ಒದ್ದೆ ಕೈಯನ್ನು ತನ್ನ ಊದಿದ ಕೆನ್ನೆಯ ಮೇಲಿಟ್ಟುಕೊಂಡ. ಅವಳು ಕೈ ಎಳೆದುಕೊಳ್ಳಲಿಲ್ಲ.

ಮಾತ್ರೆ ನುಂಗಿಸಿ, ನಾಳೆ ಬಂದು ಬೇರು ಕ್ಲೀನ್ ಮಾಡಿಸಿಕೊಳ್ಳಬೇಕೆಂದು ಗದರಿಸಿ, ಅವನ ಹಟಕ್ಕೆ ಸೋತು ಮತ್ತೆ ಟೆರೇಸಿಗೆ ಬಂದಳು. ಹಿಕ್ಕೆಯೂ ಕಮಟೂ ಇದ್ದ ಹಾಗೇ ಇದ್ದವು. ಚಾಪೆಯ ಮೇಲೆ ಮಾತ್ರ ನಡುವೆ ಜಾಗವಿರಲಿಲ್ಲ. ಉಲ್ಕೆಗಳು ಈಗ ಒಂದರ ಹಿಂದೊಂದು ಉದುರುತ್ತಿದ್ದವು. ಒಂದಂತೂ ಹಸಿರು ಬಾಲ ಬಿಟ್ಟುಕೊಂಡು ಊರಿನ ಆಚೆ ತುದಿಯವರೆಗೂ ಹೋಯಿತು.

"ನನ್ನ ಮಜುವೆ ಆಗ್ತೀಲಾ?"

"ಏನಂದ್ರಿ?"

"ಮಜುವೆ... ನನ್ನ..."

"ಅರ್ಥ ಆಗ್ತಿಲ್ಲ. ಇನ್ನೊಂದ್ಸಲ ಹೇಳಿ."

ಅವನು ತುಟಿಯನ್ನು ಬೆರಳಲ್ಲಿ ಹಿಡಿದುಕೊಂಡು, ಜೊಲ್ಲು ಸುರಿಸುತ್ತಾ, ಒಂದೊಂದೇ ಅಕ್ಷರ ಜೋಡಿಸಿ ಮತ್ತೆ ಕೇಳಿದ. ಅವಳು ತನ್ನ ದುಪಟ್ಟಾದ ತುದಿಯಿಂದ ಅವನ ಗಲ್ಲ ಒರೆಸಿ, ಅವನ ಭುಜಕ್ಕೆ ತಲೆಯಿಟ್ಟಳು.

"ಆಗ್ತೀನಿ," ಎಂದಳು. "ಮೊದಲನೇ ಸಲವೇ ಅರ್ಥ ಆಗಿತ್ತು."